ಗುರುಬಾಯಿ ಎಂಥವಳು?

ತೆಲುಗು ಸೀಮೆಯ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಪೈಪೋಟಿಗೆ ಬಿದ್ದು ಏಳುತ್ತಿದ್ದ ಕಾಲ. ಅವಕ್ಕೆ ಕಾಂಕ್ರೀಟು ಹೊರುತ್ತಿದ್ದವರಲ್ಲಿ ಯಾದಗಿರಿ, ರಾಯಚೂರು ಕಡೆಯ ಹನ್ನೊಂದು ಹೆಂಗಸರು ಸಂಜೆ ಆರಕ್ಕೆ ಕೈಕಾಲು ತೊಳೆದುಕೊಂಡು ಒಂದು ತಗಡಿನ ಕೋಣೆಗೆ ಬರುತ್ತಿದ್ದರು. ರಕ್ಷಣಾ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಎರಡು ಬಸ್ಸು ಬದಲಿಸಿ ಬಂದು ವಿಶಾಲಾಕ್ಷಿ ಅವರಿಗೆ ಕನ್ನಡ ಓದಲು ಕಲಿಸುತ್ತಿದ್ದಳು. ಬಿಟ್ಟಿ ಚಾಕರಿ ಎಂದು ಗಂಡ ಗುರುಸಿದ್ದಪ್ಪ ಛೇಡಿಸಿದರೂ ಅವಳ ದಿನದ ಸುಖವೆಲ್ಲ ಆ ಒಂದು ಗಂಟೆಯಲ್ಲಿತ್ತು.

ಓದಲೇನೋ ಕಲಿತರು. ಎಕ್ಸ್‌ಪ್ರೆಸ್ ಬಸ್ಸಿನಂತೆ ನಡುವೆ ಎಲ್ಲೂ ನಿಲ್ಲದೆ ಓದುತ್ತಿದ್ದರು. ಪುಸ್ತಕ ಮುಚ್ಚಿಸಿ ಏನು ಓದಿದಿರಿ ಎಂದು ಕೇಳಿದರೆ ಮಾತ್ರ ಎಲ್ಲರ ಕಣ್ಣೂ ತಗಡಿನ ಮಾಡಿನ ಕಡೆಗೆ.

"ಓದೂದು ನಮ್ಮ ಕೆಲಸ, ತಿಳಕೊಳ್ಳೂದು ನಿಮ್ಮ ಕೆಲಸ ಅಲ್ಲೇನ್ರಿ ಅಕ್ಕೋರ?" ಎಂದಳು ಭಾಗ್ಯಶ್ರೀ, ಒಂದಿಷ್ಟೂ ನಗದೆ.

ವಿಶಾಲಾಕ್ಷಿಗೆ ಚಿಂತೆ ಹತ್ತಿತು. ಕ್ಲಾಸು ನಡೆಸುವ ಕನ್ನಡ ಸಂಘದಿಂದ ನಿವೃತ್ತ ಹೆಡ್‌ಮಾಸ್ತರ ಅಮೃತಪ್ಪನವರು ತಿಂಗಳೊಳಗೆ ಪರೀಕ್ಷೆಗೆ ಬರುವವರಿದ್ದರು. ಏಳು ಮಂದಿಗಾದರೂ ಓದಿದ್ದು ತಿಳಿದಿರಬೇಕು, ಇಲ್ಲದಿದ್ದರೆ ಕ್ಲಾಸು ಬಂದ್. ಆ ಕೋಣೆಯಲ್ಲಿ ಸಿಮೆಂಟು ಚೀಲ ಒಟ್ಟಲು ಮೇಸ್ತ್ರಿ ಆಗಲೇ ಕಣ್ಣು ಹಾಕಿದ್ದ.

ಒಂದು ದಿನ ಬೇಗ ಬಂದ ವಿಶಾಲಾಕ್ಷಿ ಅವರ ಕೆಲಸ ನೋಡುತ್ತ ನಿಂತಳು. ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.

"ಪಾಠಾನೂ ಹಿಂಗ ದಾಟಿಸ್ರೆವಾ," ಎಂದಳು.

ಸಾಲಿನ ಮೊದಲಿಗೆ ಸುಗಲಮ್ಮ. ಮಾತು ಕಡಿಮೆಯ ಹೆಣ್ಣುಮಗಳು. ಅವಳು ಪಾಠ ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ ಪಕ್ಕದವಳಿಗೆ ಹೇಳಬೇಕು, ಅವಳು ಮುಂದಿನವಳಿಗೆ. ಪಾಠವೂ ಸಣ್ಣದೇ. ಗುರುಬಾಯಿ ಸಂತೆಯಲ್ಲಿ ಆಡು ಮಾರಿದಳು. ಸಂಜೆ ಆಡು ತಾನಾಗಿಯೇ ಮನೆಗೆ ಬಂತು. ಬೆಳಿಗ್ಗೆ ಅವಳು ನಾಲ್ಕು ಹರದಾರಿ ನಡೆದು ಅದನ್ನು ಕೊಂಡವನಿಗೇ ಮುಟ್ಟಿಸಿ ಬಂದಳು. ಬುಟ್ಟಿ ಕೈ ಬದಲಿಸುವಾಗ ತುಸು ಚೆಲ್ಲುವಂತೆ ಕಥೆಯೂ ಅಲ್ಲಲ್ಲಿ ಚೆಲ್ಲುತ್ತಿತ್ತು, ಆದರೆ ಕೊನೆಯವಳವರೆಗೆ ತಲುಪುತ್ತಿತ್ತು. ವಿಶಾಲಾಕ್ಷಿ ಹಿಗ್ಗಿದಳು.

ಅಮೃತಪ್ಪನವರು ಬಂದರು. ಪುಸ್ತಕ ಮುಚ್ಚಿಸಿ ಒಬ್ಬೊಬ್ಬರನ್ನೇ ಕೇಳಿದರು. ಗುರುಬಾಯಿ ಎಂಥವಳು ಎಂಬ ಪ್ರಶ್ನೆಗೆ ಅವರ ಹಾಳೆಯಲ್ಲಿದ್ದ ಉತ್ತರ ಒಂದೇ, ಪ್ರಾಮಾಣಿಕಳು. ಆರು ಮಂದಿ ಸರಿಯಾಗಿ ಹೇಳಿದರು, ನಾಲ್ವರು ಹೆದರಿ ತೊದಲಿದರು. ಉಳಿದವಳು ಸುಗಲಮ್ಮ ಒಬ್ಬಳೇ. ವಿಶಾಲಾಕ್ಷಿ ಬೆರಳಲ್ಲೇ ಎಣಿಸಿದಳು, ಏಳಕ್ಕೆ ಇನ್ನೊಂದು ಬೇಕಿತ್ತು.

"ಆಕಿ ಚಲೋದಾಕಿ ಅಂತ ಹ್ಯಾಂಗ ಹೇಳೂದ್ರಿ ಸಾಹೇಬ್ರ?" ಎಂದಳು ಸುಗಲಮ್ಮ. "ಮರೀನ ಮನ್ಯಾಗ ಇಟಗೊಂಡು ತಾಯಿನ್ನ ಮಾರ್ಯಾಳ. ಮರಿ ಸಲುವಾಗಿ ಅದು ಓಡಿ ಬಂದ್ರ, ಮತ್ತ ಎಳಕೊಂಡು ಹೋಗ್ಯಾಳ."

"ಮರಿ ಎಲ್ಲಿಂದ ಬಂತವಾ?" ಎಂದರು ಅಮೃತಪ್ಪನವರು. "ಹತ್ತು ಮಂದಿ ಹೇಳಿದ್ರಾಗ ಮರಿ ಇರಲಿಲ್ಲಲ್ಲ."

ಸುಗಲಮ್ಮ ಪುಸ್ತಕ ತೆರೆದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು. 'ಕೊಟ್ಟಿಗೆಯಲ್ಲಿ ಮರಿ ಅರಚುತ್ತಿತ್ತು.'

ವಿಶಾಲಾಕ್ಷಿಗೆ ನಾಚಿಕೆಯಾಯಿತು. ಎರಡು ವರ್ಷ ಇದೇ ಪಾಠ ಕಲಿಸಿದ್ದಳು, ಆ ಮರಿಯ ಕೂಗು ಅವಳ ಕಿವಿಗೆ ಬಿದ್ದಿರಲಿಲ್ಲ. "ನನಗ ಮೊದಲ ಯಾಕ ಹೇಳಲಿಲ್ಲವಾ?" ಎಂದಳು ಮೆಲ್ಲಗೆ.

"ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ನಿರಿ ಅಕ್ಕೋರ."

ಅಮೃತಪ್ಪನವರು ಕನ್ನಡಕ ಒರೆಸಿಕೊಂಡು ಆ ಸಾಲನ್ನು ಎರಡು ಸಲ ಓದಿದರು.

"ಈ ಪಾಠ ಬರದಾಂವ ನಾನ," ಎಂದರು. "ಮರಿ ನನಗೂ ಮರತು ಹೋಗಿತ್ತು."

ಎಲ್ಲರಿಗಿಂತ ಮೊದಲು ನಕ್ಕವರು ಅವರೇ. ನಗುತ್ತಲೇ ಏಳು ಎಂದು ಬರೆದು, ಕ್ಲಾಸು ಮುಂದುವರಿಯಲಿ ಎಂದು ಸಹಿ ಹಾಕಿದರು. ವಿಶಾಲಾಕ್ಷಿಯ ಕಣ್ಣು ತುಂಬಿ ಬಂತು. ಅವರು ಹಾಳೆಯಲ್ಲಿದ್ದ ಉತ್ತರದ ಮೇಲೆ ಗೆರೆ ಎಳೆದು ಸುಗಲಮ್ಮನ ಕಡೆ ತಿರುಗಿದರು.

"ಹಂಗಾರ ಗುರುಬಾಯಿ ಎಂಥಾಕಿ ಅಂತ ಬರೀಲಿ?"

ಸುಗಲಮ್ಮ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾಳಿ ಹೇಳ್ತೀನ್ರಿ," ಎಂದಳು. "ಇನ್ನೊಮ್ಮೆ ಓದಬೇಕು."