ಕಪ್ಪು ಬೇರಿನ ಕವಿ

ಕನ್ನಡಕದಂಗಡಿಯವನು ಹರೆಯದಲ್ಲಿ ಮೆಟಲ್ ಬ್ಯಾಂಡೊಂದರ ಹಾಡುಗಾರನಾಗಿದ್ದ. ಹಾಡುಗಾರ ಅನ್ನುವುದು ಅವನ ಮಾತು. ಕೇಳಿದವರು ಅರಚುವವನು ಎನ್ನುತ್ತಿದ್ದರು. ಬ್ಯಾಂಡಿನ ಒಂದೆರಡು ಹಾಡು ಹೇಗೋ ಓಡಿದವು. ‘ಕಪ್ಪು ಬೇರು’ ಎಂಬ ಹಾಡು ಬಿಡುಗಡೆಯಾದದ್ದು ಮಾತ್ರ ಬ್ಯಾಂಡಿನವರಿಗೇ ಸರಿಯಾಗಿ ತಿಳಿಯಲಿಲ್ಲ.

ಇಪ್ಪತ್ತೆರಡು ವರ್ಷದ ಮೇಲೆ, ಓದುವ ಕನ್ನಡಕ ಮಾಡಿಸಲು ಬಂದ ಗ್ರಂಥಪಾಲಕಿಯೊಬ್ಬಳು ರಸೀದಿಯಲ್ಲಿ ಅವನ ಹೆಸರು ನೋಡಿ ಕಣ್ಣರಳಿಸಿದಳು.

“ಸರ್, ‘ಕಪ್ಪು ಬೇರು’ ನಿಮ್ದೇನಾ? ಸಾವಿನ ಬಗ್ಗೆ ಅಂಥ ಹಾಡು ಇನ್ನೊಂದಿಲ್ಲ. ಪೂರ್ತಿ ಬರೆದುಕೊಡ್ತೀರಾ? ಎಷ್ಟು ಸಲ ಕೇಳಿದ್ರೂ ಅರ್ಧ ತಿಳಿಯಲ್ಲ.”

ಅವನು ಉಬ್ಬಿಹೋದ. “ನಾಳೆ ಬನ್ನಿ” ಎಂದ, ಮಹಾಕವಿಯ ಗತ್ತಿನಲ್ಲಿ.

ಮಧ್ಯಾಹ್ನ ಬಾಗಿಲೆಳೆದುಕೊಂಡು ಹಾಡು ಹಾಕಿದ. ‘ಕೊಳೆತ ಕೋಟೆ’ ಅನ್ನುವುದೊಂದು ಕಿವಿಗೆ ಸಿಕ್ಕಿತು. ಮಿಕ್ಕಿದ್ದೆಲ್ಲ ಜಲ್ಲಿ ಅರೆಯುವ ಸದ್ದು. ತನ್ನ ಹಾಡು ತನಗೇ ಅರ್ಥವಾಗದೆ ಬೆಪ್ಪಾಗಿ ಅಕ್ಕನಿಗೆ ಫೋನ್ ಮಾಡಿ, ಸಾಲುಗಳು ನೆನಪಿವೆಯಾ ಎಂದು ಕೇಳಿದ.

“ನೆನಪಿಲ್ದೆ ಏನೋ?” ಎಂದಳು ಅಕ್ಕ. “ಬರ್ಕೊಂಡಿದ್ದೇ ನಾನು. ನೀನು ದವಡೆ ಹಲ್ಲು ಹುಳುಕಾಗಿ ಕೆನ್ನೆ ಊದಿಸ್ಕೊಂಡು ಬಿದ್ದಿದ್ದೆ. ಡಾಕ್ಟರಂದ್ರೆ ಹೆದ್ರಿಕೆ. ನೀನು ನರಳ್ತಾ ಹೇಳ್ದೆ, ನಾನು ಬರೆದೆ.” ತಡವರಿಸದೆ ಒಪ್ಪಿಸಿಯೂ ಬಿಟ್ಟಳು: “ಕೊಳೆತ ಕೋಟೆಯ ಕಟ್ಟಕಡೆಯ ಕಲ್ಲೇ, ಕಪ್ಪು ಬೇರು ಕಿತ್ತು ಬಾ, ನೆತ್ತರಲ್ಲಿ ಬಾಯಿ ಮುಕ್ಕಳಿಸುವೆ...”

ಬರೆದುಕೊಳ್ಳುತ್ತ ಅವನ ಮುಖ ಸಣ್ಣದಾಯಿತು. ‘ಇದು ಮೃತ್ಯುವಿನ ಜೊತೆ ನನ್ನ ಸಂವಾದ’ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಹೇಳಿ ಹೇಳಿ ತಾನೂ ನಂಬಿದ್ದ.

ಮರುದಿನ ಅವಳು ಬಂದಾಗ ಹಾಡು ಬರೆದಿಟ್ಟ ಹಾಳೆ ಕೊಟ್ಟ. ಸುಮ್ಮನಿದ್ದುಬಿಡಬಹುದಿತ್ತು, ನಾಲಿಗೆ ಕೇಳಲಿಲ್ಲ. “ಇದು ಸಾವಲ್ಲಮ್ಮ. ಹಲ್ಲುನೋವು.”

ಅವಳು ಹಾಳೆಯನ್ನು ಎರಡು ಸಲ ಓದಿದಳು. “ನಮ್ಮಮ್ಮ ತೀರಿಕೊಂಡಾಗ ಇದನ್ನೇ ಕೇಳ್ತಿದ್ದೆ,” ಎಂದಳು ಮೆಲ್ಲಗೆ. ಅವನಿಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಅಷ್ಟರಲ್ಲಿ ‘ಮುಕ್ಕಳಿಸುವೆ’ಯ ಮೇಲೆ ಬೆರಳಿಟ್ಟು ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇನ್ನು ಇದನ್ನ ಕೇಳ್ತಾ ಅಳೋದು ಹೇಗೆ ಸರ್? ಆ ಹಲ್ಲು ಏನಾಯ್ತು?”

“ಅಕ್ಕ ಎಳ್ಕೊಂಡು ಹೋಗಿ ಕೀಳಿಸಿದ್ಲು. ಡಾಕ್ಟರ ಕುರ್ಚೀಲಿ ಅರಚಿದ್ದು ರೆಕಾರ್ಡಿಂಗಿಗಿಂತ ಚೆನ್ನಾಗಿತ್ತಂತೆ.”

“ಹಾಗಾದ್ರೆ ನಿಮ್ಮಕ್ಕನ ಹೆಸರೂ ಹಾಕಿಕೊಡಿ,” ಎಂದು ಅವಳು ಹಾಳೆ ಮುಂದೆ ತಳ್ಳಿದಳು. ಅವನು ಅಕ್ಕನ ಹೆಸರನ್ನು ಮೇಲೆ, ತನ್ನದನ್ನು ಸ್ವಲ್ಪ ಸಣ್ಣ ಅಕ್ಷರದಲ್ಲಿ ಕೆಳಗೆ ಬರೆದುಕೊಟ್ಟ.