ನಲವತ್ತು ಕೈಗಳ ಗೋಡೆ

“ಎಣಿಸೇ. ಬಾಯಿಬಿಟ್ಟು ಎಣಿಸು.”

ಮೇಸ್ತ್ರಿ ಉಜ್ಜಕ್ಕನ ಕುತ್ತಿಗೆ ಹಿಡಿದು ಅವಳ ಮುಖವನ್ನು ಗೋಡೆಗೆ ಒತ್ತಿದ್ದ. ಮೂಗಿಗೂ ಗೋಡೆಗೂ ನಡುವೆ ಕಡ್ಡಿ ತೂರಿಸುವಷ್ಟೂ ಜಾಗವಿರಲಿಲ್ಲ. ಅಷ್ಟು ಹತ್ತಿರದಿಂದ ಅವಳಿಗೆ ಕಂಡದ್ದು ಬರೀ ನೀಲಿ. ಅದು ಅವಳ ಮಗಳ ಅಂಗೈಯ ಗುರುತು.

“ನಾಲ್ಕು,” ಎಂದಳು.

“ಮನುಷ್ಯರಿಗೆ ಎಷ್ಟಿರ್ತವೆ?”

“ಐದು.”

“ಮತ್ತೆ ಇದ್ಯಾವ ಪ್ರಾಣೀದೇ, ದರಿದ್ರ ಮುಂಡೆ?”

ತಲೆಯನ್ನು ಒಮ್ಮೆ ಗೋಡೆಗೆ ಬಡಿದು ಬಿಟ್ಟ. ಜೋರಾಗಿ ಬಡಿಯಲಿಲ್ಲ. ಗೋಡೆ ಕೆಟ್ಟರೆ ಮತ್ತೆ ಬಳಿಯಬೇಕಲ್ಲ.

ಬಣ್ಣ ಬಳಿಯುವ ಮುಂಚೆ ಗೋಡೆಗೆ ಮೆತ್ತಿದ ಬಿಳಿ ಪುಟ್ಟಿ ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದು, ಅಪ್ಪ ಅಮ್ಮ ಇಟ್ಟ ಹೆಸರು ಮರೆತು ಎಲ್ಲರ ಬಾಯಲ್ಲೂ ಉಜ್ಜಕ್ಕ ಆಗಿದ್ದಳು. ಅಂಗೈಯ ಗೆರೆಗಳು ಕೂಡ ಸವೆದು ಹೋಗಿದ್ದವು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ ಮೇಲೆ ಅವಳಿಗೆ ಉಳಿದದ್ದು ಎಂಟು ವರ್ಷದ ಮಗಳೊಬ್ಬಳೇ.

ಅದು ಮಕ್ಕಳಿಗೆ ಚಿತ್ರ ಕಲಿಸುವ ಶಾಲೆ. ಮಾರನೆಯ ದಿನ ಹನ್ನೊಂದಕ್ಕೆ ಬಾಗಿಲು ತೆರೆಯಬೇಕಿತ್ತು. ಇಂಥದೇ ಶಾಲೆ ಊರೂರಿನಲ್ಲೂ ಇದೆಯಂತೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಬಣ್ಣ. ದುಡ್ಡು ಕಟ್ಟಿದವರಿಗೆ ಕಂಪನಿಯವರು ಹೆಸರು ಕೊಡುತ್ತಾರೆ. ಈ ಶಾಲೆಯ ಮೇಡಂ ತನ್ನ ಅಮ್ಮನ ಮನೆಯನ್ನು ಅಡವಿಟ್ಟು ಆ ದುಡ್ಡು ಕಟ್ಟಿದ್ದಳು. ಹೆಸರಿಗೆ ಇಷ್ಟು, ಠೇವಣಿಗೆ ಇಷ್ಟು, ಏಳು ಬಣ್ಣದ ಕುರ್ಚಿಗೆ ಇಷ್ಟು ಎಂದು ದಿನಾ ಫೋನಿನಲ್ಲಿ ತಂಗಿಯ ಹತ್ತಿರ ಹೇಳಿಕೊಂಡು ಅಳುತ್ತಿದ್ದಳು. ಪುಟ್ಟಿ ಕೂಡ ಕಂಪನಿಯದೇ ಆಗಬೇಕು, ಅಂಗಡಿಯ ಬೆಲೆಯ ಮೂರರಷ್ಟು ಅದಕ್ಕೆ. ಒಂದು ದಿನ ತಡವಾದರೂ ದಂಡ. ಕಂಪನಿಯವನು ಮೇಡಂಗೆ ಬೈಯುತ್ತಿದ್ದ, ಮೇಡಂ ಮೇಸ್ತ್ರಿಗೆ ಬೈಯುತ್ತಿದ್ದಳು. ಮೇಸ್ತ್ರಿಗೆ ಬೈಯುವುದಕ್ಕಿಂತ ಹೊಡೆಯುವುದು ಸಲೀಸು.

ಕಂಪನಿಯ ಪುಸ್ತಕದಲ್ಲಿ ಎಡಗೋಡೆಗೆ ಒಂದು ಪುಟವೇ ಇತ್ತು. ಅಲ್ಲಿ ಮಕ್ಕಳ ನಲವತ್ತು ಅಂಗೈ ಗುರುತು ಇರಬೇಕು, ಏಳೂ ಬಣ್ಣ ಬರಬೇಕು. ಸೇರಿದ್ದು ಮೂರೇ ಮಕ್ಕಳು. ಆ ಮೂರು ಮಕ್ಕಳ ಕೈಗೆ ಮೊದಲ ದಿನವೇ ಬಣ್ಣ ಬಳಿದರೆ ತಾಯಂದಿರು ಏನೆಂದುಕೊಳ್ಳುತ್ತಾರೋ ಎಂಬ ಭಯ ಮೇಡಂಗೆ. ಕೆಲಸದವರ ಮಕ್ಕಳು ಹೇಗೂ ಹಿತ್ತಲ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದವಲ್ಲ. ಮಧ್ಯಾಹ್ನ ಮೇಸ್ತ್ರಿ ಹನ್ನೊಂದು ಮಕ್ಕಳನ್ನು ಹಿಡಿದು ತಂದ. ಒಂದೊಂದರ ಕೈಯನ್ನೂ ಮೂರು ನಾಲ್ಕು ಸಲ ಒತ್ತಿಸಿ ನಲವತ್ತು ಮಾಡಿ, ಹಿಂದಿನ ಬಾಗಿಲಿನಿಂದ ಓಡಿಸಿದ. ನಾಳೆ ಒಂದು ಪಿಳ್ಳೆ ಈ ಕಡೆ ತಲೆ ಹಾಕಿದರೂ ಕಾಲು ಮುರಿಯುತ್ತೇನೆ ಎಂದ.

ಉಜ್ಜಕ್ಕನ ಮಗಳು ಕೊನೆಯ ಸಲ ಬೇಕೆಂದೇ ಎಡಗೈ ಒತ್ತಿದ್ದಳು. ತಾಯಿ ನೋಡಿದಳು, ಬೇಡ ಎನ್ನಲಿಲ್ಲ. ಬಣ್ಣ ತೊಳೆದುಕೋ ಎಂದರೂ ಹುಡುಗಿ ಕೇಳದೆ, ಒದ್ದೆ ಕೈಯನ್ನು ಎತ್ತಿ ಹಿಡಿದುಕೊಂಡೇ ತಿರುಗಿದಳು.

“ನಾಳೆ ಬಂದೋರೆಲ್ಲ ನೋಡ್ತಾರಲ್ವಾಮ್ಮಾ? ಇದು ನಂದು ಅಂತ ಗೊತ್ತಾಗುತ್ತಾ?”

“ಗೊತ್ತಾಗುತ್ತೆ ಕಣೇ. ಇನ್ಯಾರ್ದು ಹೀಗಿದೆ?”

ಆ ಎಡಗೈಯ ಕಿರುಬೆರಳು ಹೋಗಿ ಎರಡು ತಿಂಗಳಾಗಿತ್ತು. ಹೋದದ್ದು ಇದೇ ಕೋಣೆಯಲ್ಲಿ. ಪುಟ್ಟಿ ಕಲಸುವ ಯಂತ್ರ ಬಕೀಟಿನಲ್ಲಿ ತಿರುಗುತ್ತಿದ್ದಾಗ ಹಿಟ್ಟು ಸುರಿ ಎಂದು ಮೇಸ್ತ್ರಿ ಮಗುವಿಗೆ ಹೇಳಿದ್ದ. ಮಗು ಸುರಿಯಿತು. ಅಂಚಿಗೆ ಅಂಟಿದ್ದನ್ನು ಕೈಯಲ್ಲಿ ಸವರಲು ಹೋಯಿತು. ಉಜ್ಜಕ್ಕ ಸೆರಗಿನಲ್ಲಿ ಕೈ ಸುತ್ತಿ ಆಸ್ಪತ್ರೆಗೆ ಓಡಿದಳು. ಬೆರಳು ತಂದಿದ್ದರೆ ಹೊಲಿದು ನೋಡಬಹುದಿತ್ತು ಎಂದರು ಅಲ್ಲಿಯ ಡಾಕ್ಟರು. ಮತ್ತೆ ಓಡಿ ಬರುವಷ್ಟರಲ್ಲಿ ಬಕೀಟು ಖಾಲಿ. ಅಷ್ಟು ದುಬಾರಿ ಪುಟ್ಟಿ ಚೆಲ್ಲಲಿಕ್ಕೆ ಆಗುತ್ತದೆಯೇ, ಮೇಲೆ ಹೇಗೂ ಬಣ್ಣ ಬರುತ್ತದೆ ಎಂದು ಮೇಸ್ತ್ರಿ ಅದನ್ನು ಎಡಗೋಡೆಗೆ ಮೆತ್ತಿಸಿಬಿಟ್ಟಿದ್ದ.

ಅದು ಒಣಗಿದ ಮೇಲೆ ಉಜ್ಜಬೇಕಾದವಳು ಅವಳೇ. ಬೆರಳು ಗೋಡೆಯಲ್ಲಿ ಎಲ್ಲಿದೆಯೋ, ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಹಾಗಾಗಿ ಗೋಡೆ ಪೂರ್ತಿ ಮೆಲ್ಲಗೆ, ಮಗುವಿನ ಬೆನ್ನು ಸವರುವ ಹಾಗೆ ಉಜ್ಜಿದಳು. ಮೂರು ದಿನ ಹಿಡಿಯಿತು. ಈ ಗೋಡೆಯ ನುಣುಪು ಬೇರೆ ಯಾವ ಊರಿನಲ್ಲೂ ಬಂದಿಲ್ಲ ಎಂದು ಕಂಪನಿಯವನು ಹೊಗಳಿದಾಗ ಅವಳು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಈಗ ಅದೇ ಕಂಪನಿಯವನು ಸಂಜೆ ಬಂದು, ಗೋಡೆಯ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ನೋಡಿದ್ದ. ನಾಲ್ಕು ಬೆರಳಿನ ನೀಲಿ ಕೈ ಅವನ ಕಣ್ಣಿಗೆ ಬಿತ್ತು. ಇದು ಊನವಾಗಿ ಕಾಣುತ್ತದೆ, ತಾಯಂದಿರ ಮನಸ್ಸಿಗೆ ಕಸಿವಿಸಿಯಾಗುತ್ತದೆ ಎಂದು ಮೇಡಂಗೆ ಬಹಳ ಮರ್ಯಾದೆಯಿಂದಲೇ ಹೇಳಿ ಹೋದ. ಅವನ ಕಾರು ತಿರುಗುವಷ್ಟರಲ್ಲಿ ಉಜ್ಜಕ್ಕನ ಮುಖ ಗೋಡೆಗೆ ಒತ್ತಿಕೊಂಡಿತ್ತು.

“ಬೆಳಿಗ್ಗೆ ಎಂಟಕ್ಕೆ ಬಂದು ಇದನ್ನ ಕೆರೆದು ತೆಗೀತೀಯ. ಆ ಜಾಗಕ್ಕೆ ನೆಟ್ಟಗಿರೋ ಕೈ ಬರಬೇಕು. ಎಲ್ಲೇ ಆ ಮೊಂಡಗೈ? ಅದರ ಬಣ್ಣಾನೂ ಹೋಗ್ಬೇಕು.”

ಮಗಳು ಬಾಗಿಲ ಮರೆಯಲ್ಲೇ ನಿಂತಿದ್ದಳು, ಕೈ ಇನ್ನೂ ನೀಲಿ. ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಳೆದು ತಂದ. ಬಣ್ಣ ಕರಗಿಸುವ ಥಿನ್ನರ್ ಡಬ್ಬದ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದು ಅವಳ ಕೈ ಮೇಲೆ ಸುರಿದ. ಕಿರುಬೆರಳಿನ ಬುಡದ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಹುಡುಗಿ ಕಿರುಚಿದ ಕಿರುಚಾಟಕ್ಕೆ ಗಾರೆಯವರು ಕೆಲಸ ನಿಲ್ಲಿಸಿ ತಿರುಗಿ ನೋಡಿದರು, ನೋಡಿ ಮತ್ತೆ ಕರಣೆ ಎತ್ತಿಕೊಂಡರು. ಉಜ್ಜಕ್ಕ ಅಡ್ಡ ಬಂದಳು. ಅವನು ಅವಳ ಹೊಟ್ಟೆಗೆ ಒದ್ದ. ಅವಳು ಏಳು ಬಣ್ಣದ ಕುರ್ಚಿಗಳ ಮಧ್ಯೆ ಹೋಗಿ ಬಿದ್ದಳು. ಗೋಣಿಯ ಚೂರಿನಿಂದ ಹುಡುಗಿಯ ಕೈಯನ್ನು ಚರ್ಮ ಸುಲಿಯುವ ಹಾಗೆ ತಿಕ್ಕಿದ, ನೀಲಿ ಹೋಗಿ ಕೆಂಪು ಬರುವವರೆಗೂ ತಿಕ್ಕಿದ.

ಒಳಕೋಣೆಯಲ್ಲಿ ಫೋನಿನಲ್ಲಿದ್ದ ಮೇಡಂ ತಲೆ ಹೊರಗೆ ಹಾಕಿದಳು. ಒಂದು ಕ್ಷಣ ಅವಳ ಮುಖ ಬಾಡಿತು. ಆಮೇಲೆ, “ಕೂಗಾಡಿಸ್ಬೇಡಪ್ಪಾ, ಪಕ್ಕದ ಅಂಗಡಿಯೋರು ನಾಳೆ ಬರೋರಿದಾರೆ. ಕುರ್ಚಿ ಮುರೀತಾ ನೋಡು,” ಎಂದಳು.

ಬೆಳಿಗ್ಗೆ ಉಜ್ಜಕ್ಕ ಎಂಟಕ್ಕಿಂತ ಮೊದಲೇ ಬಂದಳು. ಕೈಯಲ್ಲಿ ಪುಟ್ಟಿ ಕೆರೆಯುವ ಅಗಲ ಬ್ಲೇಡು. ಅಂಗೈಗೆ ಬಟ್ಟೆ ಸುತ್ತಿಕೊಂಡ ಮಗಳು ಹಿಂದೆಯೇ ಬಂದಳು. ಅರ್ಧ ಗಂಟೆ ಕೆಲಸ, ಬೇಗ ಮುಗಿಸಿ ತೊಲಗು ಎಂದು ಹೇಳಿ ಮೇಸ್ತ್ರಿ ಬೀದಿಯಲ್ಲಿ ಬೋರ್ಡು ಕಟ್ಟಿಸಲು ಇಳಿದು ಹೋದ.

ಉಜ್ಜಕ್ಕ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಚಿಲಕ ಹಾಕಿದಳು.

ನೀಲಿ ಕೈಯ ಮುಂದೆ ನಿಂತಳು. ಕಿರುಬೆರಳು ಇರಬೇಕಾಗಿದ್ದ ಖಾಲಿ ಜಾಗಕ್ಕೆ ಬ್ಲೇಡಿನ ಮೂಲೆ ಇಟ್ಟು ಒತ್ತಿದಳು. ಬಣ್ಣ ಎದ್ದಿತು, ಬಣ್ಣದ ಕೆಳಗಿನ ಬಿಳಿ ಎದ್ದಿತು. ಅವಳು ನಿಲ್ಲಿಸಲಿಲ್ಲ. ಪಕ್ಕದ ಹಳದಿ ಕೈ ಹೋಯಿತು, ಕೇಸರಿ ಹೋಯಿತು, ಹಸಿರು ಹೋಯಿತು. ತಾನು ಮೂರು ದಿನ ಸವರಿದ ಗೋಡೆಯನ್ನು ಈಗ ಬಗೆದಳು. ಹೋಳು ಹೋಳಾಗಿ ಬಿದ್ದ ಪುಟ್ಟಿಯನ್ನು ಮಗಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪುಡಿ ಮಾಡಿ ನೋಡುತ್ತಿದ್ದಳು. ಹಾರಿದ ಪುಡಿಗೆ ಏಳು ಬಣ್ಣದ ಕುರ್ಚಿಗಳೂ ಬೆಳ್ಳಗಾದವು.

ಮೊದಲು ಬಾಗಿಲು ತಟ್ಟಿದರು, ಆಮೇಲೆ ಬಡಿದರು. ಮೇಸ್ತ್ರಿಯ ಬೈಗುಳ ಕೇಳಿಸಿತು, ಹೊಸ ಬಾಗಿಲು ಒಡೆಯಬೇಡ ಎಂದು ಮೇಡಂ ಗೋಗರೆಯುವುದೂ ಕೇಳಿಸಿತು. ಹನ್ನೊಂದಾಗುತ್ತ ಬಂದಾಗ ಚಿಲಕ ಕಿತ್ತು ಬಾಗಿಲು ಒಳಕ್ಕೆ ಬಿತ್ತು. ಮೇಸ್ತ್ರಿ, ಅವನ ಹಿಂದೆ ಮೇಡಂ, ಕಂಪನಿಯವನು, ಹೊಸ ಬಟ್ಟೆ ತೊಟ್ಟ ಮೂರು ಮಕ್ಕಳು, ಅವರ ತಾಯಂದಿರು. ನಲವತ್ತು ಕೈಗಳಲ್ಲಿ ಮೂವತ್ತೊಂಬತ್ತು ನೆಲಕ್ಕೆ ಉದುರಿದ್ದವು. ನಡುವೆ ನೀಲಿ ಕೈಯೊಂದು ಮಾತ್ರ ನಾಲ್ಕೂ ಬೆರಳು ಅಗಲಿಸಿಕೊಂಡು ಗೋಡೆಯಲ್ಲಿ ನಿಂತಿತ್ತು.

ಮೇಸ್ತ್ರಿ ಬಣ್ಣ ಬಳಿಯುವ ರೋಲರಿನ ಉದ್ದ ಕೋಲು ಎತ್ತಿ ಉಜ್ಜಕ್ಕನ ಬೆನ್ನಿಗೆ ಬಾರಿಸಿದ. ಅವಳು ತಿರುಗಲಿಲ್ಲ. ಎರಡನೆಯ ಏಟಿಗೆ ಭುಜದ ಮೂಳೆ ಲಟಕ್ಕೆಂದಿತು. ಅವಳು ಬ್ಲೇಡನ್ನು ಇನ್ನೊಂದು ಕೈಗೆ ತೆಗೆದುಕೊಂಡು ಬಗೆದಳು.

“ನಿಲ್ಸೇ, ಬೋಸುಡಿ!”

“ಕೆರಿ ಅಂದೋನು ನೀನೇ ಅಲ್ವೇನೋ?” ಎಂದಳು ಉಜ್ಜಕ್ಕ.

ಮೂರನೆಯ ಏಟಿಗೆ ಅವನು ಮಗಳ ಕಡೆ ತಿರುಗಿದಾಗ ಉಜ್ಜಕ್ಕನೂ ತಿರುಗಿದಳು. ಬ್ಲೇಡು ಅವನ ಕಿವಿಯಿಂದ ಬಾಯಿಯವರೆಗೆ ಕೆನ್ನೆಯನ್ನು ಸೀಳಿತು. ಕೋಲು ಬಿತ್ತು. ಅವನು ಮುಖ ಹಿಡಿದುಕೊಂಡು ಪುಟ್ಟಿಯ ಪುಡಿಯಲ್ಲಿ ಕೂತುಬಿಟ್ಟ. ಕೆಳಗಿದ್ದ ಬಿಳಿಯೆಲ್ಲ ಕೆಂಪು ಮುದ್ದೆಯಾಯಿತು. ಯಾರನ್ನಾದರೂ ಕರೆಸಿ, ಪೊಲೀಸರನ್ನು ಕರೆಸಿ ಎಂದು ಮೇಡಂ ಕೂಗುತ್ತಲೇ ಇದ್ದಳು. ಅವಳ ಕಣ್ಣು ಮಾತ್ರ ಗೋಡೆಯ ಮೇಲಿತ್ತು.

ಹೊಸ ಬಟ್ಟೆಯ ಹುಡುಗಿಯೊಬ್ಬಳು ತಾಯಿಯ ಕೈ ಬಿಡಿಸಿಕೊಂಡು ಮುಂದೆ ಬಂದಳು.

“ಅವರು ಏನು ಹುಡುಕ್ತಾ ಇದಾರೆ?”

ಉಜ್ಜಕ್ಕನ ಮಗಳು ಬಟ್ಟೆ ಬಿಚ್ಚಿ ಕೈ ತೋರಿಸಿದಳು. “ನನ್ನ ಬೆರಳು. ಇದರೊಳಗೆ ಹಾಕಿ ಮೆತ್ತಿದಾರೆ.”

ಕಂಪನಿಯವನು ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ. ಉಜ್ಜಕ್ಕ ಮತ್ತೆ ಗೋಡೆಗೆ ತಿರುಗಿದಳು. ಒಂದು ಭುಜ ಜೋತು ಬಿದ್ದಿತ್ತು, ಬ್ಲೇಡು ಪುಟ್ಟಿಯಲ್ಲಿ ಕರಕರ ಎನ್ನುತ್ತಿತ್ತು. ನೀಲಿ ಕೈಯಿಂದ ಒಂದು ಗೇಣು ಕೆಳಗೆ ಬ್ಲೇಡಿಗೆ ಗಟ್ಟಿಯಾದದ್ದೇನೋ ತಗುಲಿತು. ಆ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಅವಳು ಬ್ಲೇಡನ್ನು ಕೆಳಗಿಟ್ಟು ಉಗುರಿನಿಂದ ಮೆಲ್ಲಗೆ ಕೆರೆಯತೊಡಗಿದಳು.