ಎರಡು ಹೊಟ್ಟೆಯ ಟ್ರ್ಯಾಕ್ಟರು

ಗೇಟಿನ ಹೊರಗೆ ಡೀಸೆಲ್ ಲೀಟರಿಗೆ ಮೂವತ್ತಮೂರು ರೂಪಾಯಿ, ಗೇಟಿನ ಒಳಗೆ ಇಪ್ಪತ್ತೈದು. ಒಂದು ಟ್ಯಾಂಕರ್ ನೀರಿಗೆ ಇನ್ನೂರ ಇಪ್ಪತ್ತು, ದಿನಕ್ಕೆ ಆರು ಟ್ರಿಪ್. ಲಿಂಗಂಪಲ್ಲಿಯ ಒಂಟಿ ಕೋಣೆಗೆ ತಿಂಗಳಿಗೆ ಸಾವಿರದ ಇನ್ನೂರು ಬಾಡಿಗೆ. ಒಳಗಿನ ಡೀಸೆಲ್ ದಿನಕ್ಕೆ ಆರು ಲೀಟರ್ ಸಿಕ್ಕರೆ ಉಳಿಯುವುದು ನಲವತ್ತೆಂಟು. ಇಪ್ಪತ್ತಾರು ದಿನಕ್ಕೆ ಸಾವಿರದ ಇನ್ನೂರ ನಲವತ್ತೆಂಟು. ಬಾಡಿಗೆ ಅಲ್ಲಿಗೆ ತೀರಿ, ಚಹಾಕ್ಕೆ ನಲವತ್ತೆಂಟು ರೂಪಾಯಿ ಕೈಯಲ್ಲಿ. ಅಂಬಣ್ಣ ಶಾಲೆಗೆ ಹೋದದ್ದು ಮೂರನೇ ಇಯತ್ತೆಯವರೆಗೆ. ಆದರೆ ಇಷ್ಟು ಲೆಕ್ಕವನ್ನು ಅವನು ಸ್ಟೇರಿಂಗ್ ಹಿಡಿದುಕೊಂಡೇ, ಕೆಂಪು ದೀಪ ಹಸಿರಾಗುವುದರೊಳಗೆ ಮಾಡಿ ಮುಗಿಸುತ್ತಿದ್ದ.

ಅರ್ಥವಾಗದೆ ಉಳಿದದ್ದು ಗೇಟಿನ ವಿಷಯ. ಕಂಪ್ಯೂಟರ್ ಕಂಪನಿಗಳಿಗಾಗಿ ಬಂಡೆ ಒಡೆದು ಕಟ್ಟುತ್ತಿದ್ದ ಆ ದೊಡ್ಡ ಕ್ಯಾಂಪಸ್ಸಿಗೆ ಸರಕಾರ ತೆರಿಗೆ ಬಿಟ್ಟಿತ್ತು. ಒಳಗೆ ಕೆಲಸ ಮಾಡುವ ಜೆಸಿಬಿ, ಜನರೇಟರ್, ಕಾಂಕ್ರೀಟು ಕಲಸುವ ಯಂತ್ರ, ಇವುಗಳಿಗೆಲ್ಲ ತೆರಿಗೆಯಿಲ್ಲದ ಡೀಸೆಲ್. ಅದು ಒಳಗೇ ಉರಿಯಬೇಕು, ಒಂದು ಹನಿಯೂ ರಸ್ತೆಗೆ ಬರಬಾರದು. ಜೆಸಿಬಿಗೆ ಈ ಕಾಯಿದೆಯಿಂದ ತೊಂದರೆ ಇರಲಿಲ್ಲ, ಅದು ಬಂದ ದಿನದಿಂದ ಗೇಟು ದಾಟಿಲ್ಲ. ಅಂಬಣ್ಣನ ಟ್ರ್ಯಾಕ್ಟರಿನ ಬದುಕು ಬೇರೆ. ನೀರು ತುಂಬುವುದು ಎರಡು ಮೈಲಿ ಆಚೆಯ ಬೋರ್‌ವೆಲ್‌ನಲ್ಲಿ, ಖಾಲಿ ಮಾಡುವುದು ಕ್ಯಾಂಪಸ್ಸಿನಲ್ಲಿ. ಅರ್ಧ ಜೀವನ ಒಳಗೆ, ಅರ್ಧ ಹೊರಗೆ.

ಮೊದಲು ಇದನ್ನು ಯಾರೂ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರಿನವರು, ಟಿಪ್ಪರಿನವರು ಒಳಗೆ ಟ್ಯಾಂಕು ತುಂಬಿಸಿಕೊಂಡು ಆರಾಮಾಗಿ ಮನೆಗೆ ಹೋಗುತ್ತಿದ್ದರು. ಒಬ್ಬ ಟಿಪ್ಪರಿನವನು ಪಟಾನ್‌ಚೆರು ರಸ್ತೆಯಲ್ಲಿ ಅದನ್ನು ಡಬ್ಬಿಗಟ್ಟಲೆ ಮಾರುತ್ತ ಸಿಕ್ಕಿಬಿದ್ದ ಮೇಲೆ ಗೇಟಿಗೆ ಗೋಪಿನಾಥ ಬಂದ. ಬೀದರ ಕಡೆಯವನು, ರೈಲ್ವೆಯಲ್ಲಿದ್ದ ತಂದೆ ಮಲ್ಕಾಜ್‌ಗಿರಿಯಲ್ಲಿ ಕಟ್ಟಿಸಿದ ಮನೆಯಿಂದ ಎರಡು ರೈಲು ಬದಲಿಸಿ ಬರುತ್ತಿದ್ದ. ಅವನ ಕೈಯಲ್ಲಿ ಗೆರೆ ಕೊರೆದ ಒಂದು ಬಿದಿರುಕಡ್ಡಿ. ಒಳಗೆ ಹೋಗುವಾಗ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳೆಯುವನು, ಹೊರಗೆ ಬರುವಾಗ ಮತ್ತೊಮ್ಮೆ. ಬರುವಾಗ ಹೆಚ್ಚಿದ್ದರೆ ವಹಿಯಲ್ಲಿ ಹೆಸರು. ಮೂರು ಸಲ ಹೆಸರು ಬಿದ್ದರೆ ಪಾಸು ರದ್ದು.

ಅಂಬಣ್ಣನ ಮಾತು ಕೇಳಿ ಗೋಪಿನಾಥನಿಗೆ ಮೊದಲ ದಿನವೇ ಖುಷಿಯಾಗಿತ್ತು.

"ಯಾವೂರ್ರಿ ನಿಮ್ಮದು?"

"ಶಹಾಪುರ ಕಡೆ, ಸಾಹೇಬ್ರ."

"ಭಾಳ ಛಲೋ ಆತು. ದಿನಾ ನಾಕು ಮಾತು ಕನ್ನಡದಾಗ ಆಡ್ಲಿಕ್ಕಿ ಒಬ್ಬರು ಸಿಕ್ಕ್ರಿ. ಆದ್ರ ನಮ್ಮವರಂತ ಕಡ್ಡಿ ಮಾತ್ರ ಗಿಡ್ಡ ಮಾಡಾಂಗಿಲ್ಲ, ಈಗ ಹೇಳೇನಿ."

ಒಳಗಿನ ಆರು ಲೀಟರ್ ಬಿಡಲು ಅಂಬಣ್ಣನಿಗೆ ಮನಸ್ಸಿರಲಿಲ್ಲ, ಕದಿಯಲೂ ಮನಸ್ಸಿರಲಿಲ್ಲ. ಒಂದು ಭಾನುವಾರ ಕುಳಿತು ಉಪಾಯ ಮಾಡಿದ. ಸೀಟಿನ ಪಕ್ಕ ಹತ್ತು ಲೀಟರಿನ ಒಂದು ಕ್ಯಾನು ಕಟ್ಟಿ, ಅದರಿಂದ ಇಂಜಿನ್ನಿಗೆ ಪೈಪು ಎಳೆದು, ನಡುವೆ ಒಂದು ನಲ್ಲಿ ಕೂಡಿಸಿದ. ಗೇಟಿನೊಳಗೆ ಬಂದೊಡನೆ ನಲ್ಲಿ ಬಲಕ್ಕೆ, ಇಂಜಿನ್ನು ಕ್ಯಾನಿನ ಡೀಸೆಲ್ ಕುಡಿಯುತ್ತದೆ. ಹೊರಗೆ ಹೊರಟಾಗ ನಲ್ಲಿ ಎಡಕ್ಕೆ, ಬಂಕಿನಲ್ಲಿ ತುಂಬಿಸಿದ ಟ್ಯಾಂಕಿನ ಡೀಸೆಲ್. ಕ್ಯಾನನ್ನು ಬಿಚ್ಚಿ ಗೇಟಿನಲ್ಲೇ ಇಟ್ಟು ಹೋಗುವುದು.

ಗೋಪಿನಾಥ ಸುತ್ತ ಒಂದು ಸುತ್ತು ಹಾಕಿ ನೋಡಿದ. "ಎರಡು ಹೊಟ್ಟಿ ಇಟ್ಟೀರಲ್ಲ ಇದಕ. ಇದು ಖರೇ ಕೆಲಸ. ಉಳಿದವರಿಗೂ ಇದನ್ನ ತೋರಸ್ತೀನಿ."

ಮೂರು ವಾರ ಯಾವ ತಕರಾರೂ ಇರಲಿಲ್ಲ. ಒಳಗೆ ಹೋಗಿ ಟ್ಯಾಂಕರಿನ ವಾಲು ಬಿಟ್ಟು, ಇಂಜಿನ್ನು ಬಂದ್ ಮಾಡಿ ಕೂತರೆ ನೀರು ತಾನೇ ಇಳಿದು ಹೋಗುತ್ತಿತ್ತು. ಆಮೇಲೆ ನಾಲ್ಕನೇ ಮಹಡಿಗೆ ನೀರೆತ್ತುವ ಮೋಟರು ಸುಟ್ಟಿತು. ಅದು ರಿಪೇರಿಯಾಗುವವರೆಗೆ ದಿನದ ಕೊನೆಯ ಟ್ರಿಪ್ಪಿನಲ್ಲಿ ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ ಪಂಪು ಕೂಡಿಸಿ ನೀರು ಮೇಲೆ ಹೊಡೆಯುವ ಕೆಲಸವೂ ಅಂಬಣ್ಣನಿಗೆ ಬಂತು. ಎರಡು ತಾಸು ಇಂಜಿನ್ನು ಓಡಬೇಕು. ಅದಕ್ಕೆ ಐದು ಲೀಟರ್ ಕಂಪನಿಯದು, ಮೇಲೆ ಹೋದದ್ದು ಒಳಗಿನ ದರಕ್ಕೆ ಅವನದೇ ಖರ್ಚು.

ಪಂಪು ಶುರುವಾದ ಸೋಮವಾರ ಗೋಪಿನಾಥನಿಗೆ ರಜೆ, ಕಡ್ಡಿ ಇಳಿಸುವವರಿರಲಿಲ್ಲ. ಮಂಗಳವಾರ ಸಂಜೆ ಗೋಪಿನಾಥ ಕಡ್ಡಿ ಎತ್ತಿ ನೋಡಿದ, ಒರೆಸಿ ಮತ್ತೆ ಇಳಿಸಿದ. ಎರಡು ಬೆರಳು ಹೆಚ್ಚು. ಅಂದಾಜು ಮೂರು ಲೀಟರ್.

"ಅಂಬಣ್ಣಾ, ಇದೇನ್ರಿ?"

"ಏನೈತ್ರಿ?"

"ಟ್ಯಾಂಕ್ ಬೆಳದದ."

ಅಂಬಣ್ಣ ಇಳಿದು ಬಂದು ತಾನೇ ಕಡ್ಡಿ ಹಿಡಿದ. ನಿಜ. ಹಿಂದೆ, ಆಗಲೇ ತೆರೆದಿದ್ದ ಒಂದು ಕಟ್ಟಡದ ಸಾಫ್ಟ್‌ವೇರ್ ಹುಡುಗರ ಕ್ಯಾಬುಗಳು ಸಾಲುಗಟ್ಟಿ ಹಾರ್ನು ಬಾರಿಸುತ್ತಿದ್ದವು. "ನಾ ಮುಚ್ಚಳ ಮುಟ್ಟಿಲ್ಲ, ಸಾಹೇಬ್ರ. ನಮ್ಮವ್ವನ ಆಣಿ."

"ನಿಮ್ಮವ್ವನ್ನ ವಹಿಯಾಗ ಹೆಂಗ ಬರೀಲಿ? ಒಂದು ಸಲ ಬಿದ್ದದ ಹೆಸರು. ಇನ್ನು ಎರಡು ಅವ."

ಆ ಸಂಜೆ ಸುಗಲಮ್ಮ ರೊಟ್ಟಿ ಬಡಿಯುತ್ತ ಗಂಡನ ಮಾತು ಪೂರ್ತಿ ಕೇಳಿದಳು. "ಯಾರರೆ ಹೊಟ್ಟಿಕಿಚ್ಚಿಗೆ ಸುರದಿರಬೇಕ. ನೀವು ಸಿಕ್ಕೊಳ್ಳಲಿ ಅಂತ."

"ಮೂರು ಲೀಟರ್ ಅಂದ್ರ ಎಪ್ಪತ್ತೈದು ರೂಪಾಯಿ. ಎಪ್ಪತ್ತೈದು ಖರ್ಚು ಮಾಡಿ ನನ್ನ ಕೆಡಸೋವಷ್ಟು ದೊಡ್ಡ ಮನಷಾ ನಾ ಯಾವಾಗ ಆದೆ?"

"ಹಂಗಾದ್ರ ಮಾಟ."

"ಮಾಟ ಮಾಡೋರು ಇದ್ದದ್ದು ಕಮ್ಮಿ ಮಾಡ್ತಾರ. ಜಾಸ್ತಿ ಮಾಡೋ ಮಾಟ ಇದ್ರ ನಾವ ಮಾಡಸ್ತಿದ್ವಿ."

ಸುಗಲಮ್ಮ ನಕ್ಕಳು, ಅಂಬಣ್ಣನಿಗೆ ನಗು ಬರಲಿಲ್ಲ. ಅವನ ತಲೆಯಲ್ಲಿ ಇನ್ನೊಂದು ಗಂಟು ಬಿದ್ದಿತ್ತು. ಟ್ಯಾಂಕು ಬೆಳೆಯುತ್ತಿದ್ದರೆ ಕ್ಯಾನು ಕರಗುತ್ತಿತ್ತು. ಪಂಪಿಗೆ ಐದು ಲೀಟರ್ ಸಾಕೆಂದುಕೊಂಡಿದ್ದ, ಎಂಟು ಹೋಗಿತ್ತು. ಕ್ಯಾನು ಸೋರುತ್ತಿದೆಯೇನೋ ಎಂದು ಬೆಳಿಗ್ಗೆ ಗೇಟಿನಲ್ಲೇ ಅದಕ್ಕೆ ಸೋಪಿನ ನೀರು ಹಚ್ಚಿ, ಊದಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ನೆಲದ ಮೇಲೆ ಎಲ್ಲಿಯೂ ಎಣ್ಣೆಯ ಕಲೆ ಇರಲಿಲ್ಲ.

ಬುಧವಾರ ಪಂಪು ಓಡುವಷ್ಟು ಹೊತ್ತೂ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೂತ. ಉಚ್ಚೆಗೂ ಏಳಲಿಲ್ಲ. ಸಂಜೆ ಕಡ್ಡಿ ಮತ್ತೆ ಎರಡು ಬೆರಳು ಹೆಚ್ಚು ತೋರಿಸಿತು.

ಎರಡನೆಯ ಹೆಸರು ಬರೆಯುವಾಗ ಗೋಪಿನಾಥನ ಮುಖವೂ ಬದಲಾಯಿತು. "ನೋಡ್ರಿ, ನಾ ನಿಮ್ಮನ್ನ ಕಳ್ಳ ಅನ್ನೂದಿಲ್ಲ. ಆದ್ರ ಡೀಸೆಲ್ ಮರಿ ಹಾಕ್ತದ ಅಂತ ನಾ ಎಲ್ಲೂ ಕೇಳಿಲ್ಲ."

"ಬಿಸಿಲಿಗೆ ಉಬ್ಬತೈತೇನ್ರಿ?"

"ಉಬ್ಬಿದ್ರ ಎಲ್ಲಾರದೂ ಉಬ್ಬಬೇಕು. ನಿಮ್ಮ ಟ್ರ್ಯಾಕ್ಟರಿಗೊಂದೇ ಬಿಸಿಲು ಬೀಳ್ತದೇನು?"

ಅಂಬಣ್ಣ ಹೋಗಿ ಮೂವತ್ತು ರೂಪಾಯಿ ಕೊಟ್ಟು ಒಂದು ಬೀಗ ತಂದ. ಗುರುವಾರ ಕೊನೆಯ ಟ್ರಿಪ್ಪಿಗೆ ಒಳಗೆ ಹೋಗುವಾಗ ಗೋಪಿನಾಥನ ಎದುರಿಗೇ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಜಡಿದು ಕೀಲಿಯನ್ನು ಅವನ ಕೈಯಲ್ಲಿಟ್ಟ. ಗೋಪಿನಾಥ ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಗುಂಡಿ ಮುಚ್ಚಿದ. ಎರಡೂವರೆ ತಾಸಿನ ಮೇಲೆ ತಾನೇ ಬೀಗ ತೆಗೆದು ಕಡ್ಡಿ ಇಳಿಸಿದ.

ಎರಡು ಬೆರಳು ಹೆಚ್ಚು.

ಗೋಪಿನಾಥ ಒಮ್ಮೆ ತನ್ನ ಜೇಬು ಮುಟ್ಟಿ ನೋಡಿಕೊಂಡ. ಮೂರನೆಯ ಹೆಸರು ಬರೆಯದೆ ದಾರಿಯಿರಲಿಲ್ಲ, ಬರೆದ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಬೀಗ ಇತ್ತು, ಕೀಲಿ ನನ್ನ ಹತ್ತಿರ ಇತ್ತು" ಎಂದೂ ಸೇರಿಸಿದ.

ಡೀಸೆಲ್ ಉಸ್ತುವಾರಿಯ ಅಮರಯ್ಯ ಶುಕ್ರವಾರ ತಾನೇ ಬಂದ. ತೆಲುಗಿನವನು, ಎಲ್ಲರೊಡನೆ ಹಿಂದಿ ಆಡುವವನು. ವಹಿ ನೋಡಿ, ಬೀಗ ನೋಡಿ, "ಕ್ಯಾ ಅಂಬಣ್ಣ, ತುಮಾರಾ ಟ್ರ್ಯಾಕ್ಟರ್ ಡೀಸೆಲ್ ಪೈದಾ ಕರ್ತಾ ಕ್ಯಾ?" ಎಂದ. ಸುತ್ತ ನಿಂತವರು ನಕ್ಕರು. ಟ್ರ್ಯಾಕ್ಟರೇ ಡೀಸೆಲ್ ಹಡೆಯುವುದಾದರೆ ಪಾಸು ಯಾಕೆ ರದ್ದು ಮಾಡಬೇಕು, ತಾನೇ ಕೊಂಡುಕೊಳ್ಳುತ್ತೇನೆ ಎಂದೂ ಸೇರಿಸಿದ. ಆಮೇಲೆ ನಗು ನಿಲ್ಲಿಸಿ, ಇವತ್ತಿನ ಟ್ರಿಪ್ಪು ಮುಗಿಸು, ಪಾಸು ಸಂಜೆ ಕೊಟ್ಟು ಹೋಗು ಅಂದ.

ಪಾಸು ಹೋದರೆ ದಿನದ ಸಾವಿರದ ಮುನ್ನೂರ ಇಪ್ಪತ್ತು ರೂಪಾಯಿ ಹೋಯಿತು. ಕಳ್ಳನೆಂದು ಒಂದು ಗೇಟಿನಿಂದ ಹೊರಬಿದ್ದವನನ್ನು ಆ ರಸ್ತೆಯ ಉಳಿದ ಗೇಟುಗಳೂ ಸೇರಿಸುವುದಿಲ್ಲ. ಕದ್ದಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು, ಹೆಗಲು ಮುಟ್ಟಿ ನೋಡಿಕೊಳ್ಳಲು ಒಂದು ತಪ್ಪಾದರೂ ಇರುತ್ತಿತ್ತು. ಅಂಬಣ್ಣ ಅಂದು ಐದು ಟ್ರಿಪ್ಪು ಹೇಗೆ ಹೊಡೆದನೋ ಅವನಿಗೇ ತಿಳಿಯದು. ಎರಡು ಸಲ ನಲ್ಲಿ ತಿರುಗಿಸಿದೆನೋ ಇಲ್ಲವೋ ಎಂದು ಇಳಿದು ನೋಡಿದ. ತಿರುಗಿಸಿದ್ದ.

ಕೊನೆಯ ಟ್ರಿಪ್ಪಿಗೆ ಗೋಪಿನಾಥ ಗೇಟನ್ನು ಇನ್ನೊಬ್ಬರಿಗೆ ಒಪ್ಪಿಸಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತ. "ಇವತ್ತ ನಾನೂ ಬರ್ತೀನಿ. ನನಗೂ ನಿದ್ದಿ ಇಲ್ಲ."

ಪಂಪು ಶುರುವಾಯಿತು. ಅರ್ಧ ತಾಸು ಕಳೆಯಿತು. ಗೋಪಿನಾಥ ಕೀಲಿ ತೆಗೆದ. "ಇಂಜಿನ್ ಓಡೂ ಮುಂದ ಒಂದು ಸಲ ಕಡ್ಡಿ ಇಳಿಸಿ ನೋಡೂಣು."

ಇಷ್ಟು ದಿನ ಇಬ್ಬರೂ ಮುಚ್ಚಳ ತೆಗೆದದ್ದು ಇಂಜಿನ್ನು ಬಂದ್ ಆದ ಮೇಲೆ. ಗೇಟಿನಲ್ಲಿ ಬಂದ್ ಮಾಡಲೇಬೇಕು, ಬಂಕಿನಲ್ಲೂ ಬಂದ್ ಮಾಡಲೇಬೇಕು. ಈಗ ಮುಚ್ಚಳ ತೆಗೆದು ಗೋಪಿನಾಥ ಬಗ್ಗಿ ನೋಡಿದ, ಕಡ್ಡಿ ಇಳಿಸುವುದನ್ನೇ ಮರೆತ.

"ಅಂಬಣ್ಣಾ, ಇಲ್ಲಿ ಬರ್ರಿ. ಒಳಗ ಏನೋ ಸುರೀಲಿಕ್ಕತ್ತದ."

ಟ್ಯಾಂಕಿನ ಮೇಲಂಚಿನಲ್ಲಿದ್ದ ಒಂದು ಸಣ್ಣ ಪೈಪಿನ ಬಾಯಿಂದ ಡೀಸೆಲ್ ದಾರದಂತೆ, ಎಡೆಬಿಡದೆ ಒಳಗೆ ಬೀಳುತ್ತಿತ್ತು.

ಅಂಬಣ್ಣ ನೋಡುತ್ತ ನಿಂತ. ಆ ಪೈಪು ಅವನಿಗೆ ಹದಿನೈದು ವರ್ಷದಿಂದ ಗೊತ್ತು. ಇಂಜಿನ್ನು ತನಗೆ ಬೇಕಾದದ್ದಕ್ಕಿಂತ ಹೆಚ್ಚು ಡೀಸೆಲ್ ಎಳೆದುಕೊಳ್ಳುತ್ತದೆ, ಉರಿಯದೆ ಉಳಿದದ್ದನ್ನು ಆ ಪೈಪಿನಿಂದ ಟ್ಯಾಂಕಿಗೆ ವಾಪಸು ಕಳಿಸುತ್ತದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಬಾಯಿಂದ ಊದಿ ಸ್ವಚ್ಛ ಮಾಡುತ್ತಿದ್ದವನು ಅವನೇ. ಬರುವ ಪೈಪಿಗೆ ನಲ್ಲಿ ಕೂಡಿಸಿದವನು ಹೋಗುವ ಪೈಪನ್ನು ಮರೆತಿದ್ದ. ಇಂಜಿನ್ನು ಕ್ಯಾನಿನಿಂದ ಉಂಡು, ಮಿಕ್ಕದ್ದನ್ನು ಟ್ಯಾಂಕಿಗೆ ಉಗುಳುತ್ತಿತ್ತು. ಮೊದಲ ಮೂರು ವಾರ ಅದು ಒಳಗೆ ಓಡಿದ್ದು ಒಂದೊಂದು ಸಲಕ್ಕೆ ಸ್ವಲ್ಪವೇ ಹೊತ್ತು, ಉಗುಳಿದ್ದು ಕಡ್ಡಿಗೆ ತಿಳಿಯುವಷ್ಟಿರಲಿಲ್ಲ. ಅದಕ್ಕೆ ಗೇಟಿನ ಒಳಗು ಹೊರಗು ಏನು ಗೊತ್ತು.

"ಕಳ್ಳ ಸಿಕ್ಕ ನೋಡ್ರಿ," ಎಂದ ಗೋಪಿನಾಥ.

"ಕಳ್ಳನ್ನ ಕಟ್ಟಿದವ ನಾನ, ಸಾಹೇಬ್ರ." ಅಂಬಣ್ಣ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತುಬಿಟ್ಟ. "ಮೂರು ದಿನ ಎಲ್ಲಾರ ಮುಖ ನೋಡೀನಿ, ಯಾರು ಸುರದ್ರು ಅಂತ. ಪೈಪಿನ ಮುಖ ನೋಡಲಿಲ್ಲ."

ಅಮರಯ್ಯನನ್ನು ಕರೆದು ತಂದರು. ಅವನೂ ಬಗ್ಗಿ ನೋಡಿದ, ತುಂಬ ಹೊತ್ತು ನೋಡಿದ. ಕೈಯಿಂದ ಹೋಗಲಿ, ಪೈಪಿನಿಂದ ಹೋಗಲಿ, ಹೋದದ್ದು ಹೋದದ್ದೇ ಎಂದ ಆಮೇಲೆ. ವಹಿಯಲ್ಲಿ ಮೂರು ದಿನಕ್ಕೆ ಒಂಬತ್ತು ಲೀಟರ್. ಬಿಟ್ಟ ತೆರಿಗೆ ಲೀಟರಿಗೆ ಎಂಟು ರೂಪಾಯಿಯಂತೆ ತುಂಬಿದರೆ ಹೆಸರು ಹೊಡೆದುಹಾಕುತ್ತೇನೆ, ಪಾಸು ಇರಲಿ ಅಂದ.

"ಸೋಮವಾರದ್ದೂ ಹಿಡೀರಿ," ಎಂದ ಅಂಬಣ್ಣ.

ಗೋಪಿನಾಥ ಅವನ ಕಡೆ ತಿರುಗಿದ. "ಸೋಮವಾರ ಅಳದೇ ಇಲ್ಲಲ್ರಿ."

"ನೀವು ಅಳದಿಲ್ಲ. ಪೈಪು ಸುರದೈತಿ."

ಹನ್ನೆರಡು ಲೀಟರ್, ತೊಂಬತ್ತಾರು ರೂಪಾಯಿ. ಎಣಿಸಿ ಕೊಟ್ಟ. ಹೋಗುವ ಪೈಪಿಗೂ ಒಂದು ನಲ್ಲಿ ಹಾಕಿಸಿದರಾಯಿತಲ್ಲ, ಎರಡೂ ನಲ್ಲಿ ಒಟ್ಟಿಗೆ ತಿರುಗಿಸುವುದು, ತಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದು ಗೋಪಿನಾಥ ಹೇಳಿ ನೋಡಿದ. ಅಂಬಣ್ಣ ಆಗಲೇ ಕ್ಯಾನಿನ ಹಗ್ಗ ಬಿಚ್ಚುತ್ತಿದ್ದ.

"ಬ್ಯಾಡ್ರಿ. ಒಂದು ನಲ್ಲಿ ತಿರಗಸೂದು ಮರತ್ರ ಮತ್ತ ನಾ ಕಳ್ಳ. ಆರು ಸಲ ಒಳಗ, ಆರು ಸಲ ಹೊರಗ, ಎರಡೆರಡು ನಲ್ಲಿ. ಅಷ್ಟು ನೆನಪಿಡೋ ತಲಿ ನಂದಲ್ಲ. ಇದಕ ಒಂದ ಹೊಟ್ಟಿ ಸಾಕು."

ಮರುದಿನ ಮೋಟರು ರಿಪೇರಿಯಾಗಿ ಬಂತು. ಮೇಲಕ್ಕೆ ನೀರೆತ್ತುವ ಕೆಲಸ ಮತ್ತೆ ಅದರ ಪಾಲಾಯಿತು. ಗೋಪಿನಾಥ ಈಗಲೂ ಕಡ್ಡಿ ಇಳಿಸುತ್ತಾನೆ, ಬರುವಾಗ ಕಡಿಮೆಯೇ ಇರುತ್ತದೆ. ಅದೇ ಲಾರಿಯಿಂದ ಇಳಿದ, ಅದೇ ವಾಸನೆಯ ಡೀಸೆಲ್ಲು ಒಂದು ಕಬ್ಬಿಣದ ಗೇಟು ದಾಟಿದ ಮಾತ್ರಕ್ಕೆ ಹೇಗೆ ಬೇರೆಯಾಗುತ್ತದೆ ಎಂಬುದು ಅಂಬಣ್ಣನಿಗೆ ಇನ್ನೂ ತಿಳಿದಿಲ್ಲ. ಗೋಪಿನಾಥನನ್ನು ಕೇಳಿದರೆ, ತನಗೂ ಪೂರ್ತಿ ತಿಳಿದಿಲ್ಲ, ಅಳೆಯುವುದಷ್ಟೇ ತನ್ನ ಕೆಲಸ ಎನ್ನುತ್ತಾನೆ.

ಹೋದದ್ದು ತೊಂಬತ್ತಾರು ರೂಪಾಯಿ, ಬೀಗದ ಮೂವತ್ತು, ಮತ್ತು ಇನ್ನು ಮುಂದೆ ದಿನಕ್ಕೆ ನಲವತ್ತೆಂಟು; ಅಂದರೆ ಕೋಣೆಯ ಬಾಡಿಗೆ ಇನ್ನು ನೀರಿನ ದುಡ್ಡಿನಲ್ಲೇ ತೀರಬೇಕು. ಉಳಿದದ್ದು ಪಾಸು, ದಿನಕ್ಕೆ ಆರು ಟ್ರಿಪ್ಪು. ಬೀಗವನ್ನು ಸುಗಲಮ್ಮ ಹಿಟ್ಟಿನ ಡಬ್ಬಿಗೆ ಜಡಿದಿದ್ದಾಳೆ.